ಹಳೆ ಕಾರಿನ ಸೈಡ್ ಮಿರರ್ ಬಿಸಿಯಾಗುತ್ತಿಲ್ಲವೇ? ಕನ್ನಡಿ ಬದಲಿಸುವ ಮೊದಲು ಇಷ್ಟು ನೋಡಿ

ಜುಲೈನಲ್ಲಿ ಬೆಳಿಗ್ಗೆ ಆರೂವರೆಗೆ ಸಂಪಾಜೆಯಿಂದ ಮಡಿಕೇರಿ ಕಡೆಗೆ ಘಾಟಿ ಹತ್ತಿದವರಿಗೆ ಈ ಕಷ್ಟ ಗೊತ್ತಿರುತ್ತದೆ. ಮುಂದಿನ ಗಾಜಿಗೆ ವೈಪರ್ ಇದೆ. ಹಿಂದಿನ ಗಾಜಿಗೆ ಡಿಫಾಗರ್, ಅಂದರೆ ಗಾಜು ಬಿಸಿ ಮಾಡಿ ಮಂಜು ಓಡಿಸುವ ಗೆರೆಗಳು, ಇದೆ. ಸೈಡ್ ಮಿರರ್ ಮಾತ್ರ ಹಾಲು ಬಳಿದ ಹಾಗೆ ಬೆಳ್ಳಗೆ ಕೂತಿರುತ್ತದೆ. ಹಿಂದೆ ಲಾರಿ ಬರುತ್ತಿದೆಯಾ, ಬಸ್ಸು ಬರುತ್ತಿದೆಯಾ ಅಂತ ನೋಡಬೇಕಾದರೆ ಕಿಟಕಿ ಇಳಿಸಿ ಕೈಯಿಂದ ಒರೆಸಬೇಕು. ಎಡಗಡೆಯ ಕನ್ನಡಿಗಂತೂ ಕೈ ಎಟುಕುವುದೇ ಇಲ್ಲ.

ನನ್ನದು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದ ಹಳೆ ಡೀಸೆಲ್ ಕಾರು. ಕನ್ನಡಿ ಬಿಸಿ ಮಾಡುವ ವ್ಯವಸ್ಥೆ ಅದರಲ್ಲಿ ಇದೆ. ಆದರೆ ಬೆಂಗಳೂರಿನಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಹಾಗಾಗಿ ಅದು ಕೆಟ್ಟಿದ್ದು ಯಾರಿಗೂ ಗೊತ್ತಾಗಿರಲಿಲ್ಲ. ಇಲ್ಲಿನ ಮೊದಲ ಮಳೆಗಾಲದಲ್ಲಿ ಎಡಗಡೆಯ ಕನ್ನಡಿ ತಣ್ಣಗೇ ಇದ್ದದ್ದು ಕಂಡಿತು. ಒಂದು ಗ್ಯಾರೇಜಿನಲ್ಲಿ ಮೀಟರ್ (ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್) ಇಟ್ಟು ನೋಡಿ, "ಕರೆಂಟ್ ಬರ್ತಾ ಇದೆ, ಗ್ಲಾಸ್ ಹೋಗಿದೆ, ಬದಲಿಸಿ" ಅಂದರು. ಹೊಸ ಗ್ಲಾಸ್ ಹಾಕಿಸಿದೆ. ಅದೂ ತಣ್ಣಗೇ ಇತ್ತು. ತೊಂದರೆ ಇದ್ದದ್ದು ಬಾಗಿಲಿನ ಹಿಂಜಿನ ಹತ್ತಿರ, ರಬ್ಬರ್ ಕೊಳವೆಯೊಳಗೆ ತುಂಡಾದ ವೈರಿನಲ್ಲಿ. ಅಳೆಯುವ ಕ್ರಮ ಸರಿ ಇದ್ದಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಅದಕ್ಕೇ ಈ ಬರಹದಲ್ಲಿ ಬಿಚ್ಚುವುದಕ್ಕಿಂತ ಅಳೆಯುವುದರ ಬಗ್ಗೆ ಜಾಸ್ತಿ ಹೇಳಿದ್ದೇನೆ.

ಒಳಗೆ ಏನಿದೆ

ಕನ್ನಡಿ ಗಾಜಿನ ಬೆನ್ನಿಗೆ ತೆಳ್ಳನೆಯ ಒಂದು ಹಾಳೆ ಅಂಟಿಸಿರುತ್ತಾರೆ. ಅದೇ ಹೀಟರ್ ಪ್ಯಾಡ್. ಅದರಲ್ಲಿ ಹಾವಿನ ಹಾಗೆ ಸುತ್ತಿಕೊಂಡು ಹೋಗುವ ಲೋಹದ ಗೆರೆಗಳಿರುತ್ತವೆ. ಕರೆಂಟ್ ಹರಿದರೆ ಗೆರೆಗಳು ಬೆಚ್ಚಗಾಗುತ್ತವೆ. ಹಾಳೆಯ ಹಿಂದೆ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಎರಡು ಚಪ್ಪಟೆ ಟರ್ಮಿನಲ್, ಒಂದೊಂದಕ್ಕೂ ಒಂದೊಂದು ವೈರ್. ಒಂದು ಪಾಸಿಟಿವ್, ಇನ್ನೊಂದು ಅರ್ಥ್.

ಸುಮಾರು 10 ಓಮ್‌ನ ಪ್ಯಾಡ್ ಅಂದುಕೊಳ್ಳಿ. ಎಂಜಿನ್ ಓಡುವಾಗ 13.5 ವೋಲ್ಟ್ ಸಿಕ್ಕರೆ 1.35 ಆಂಪಿಯರ್ ಎಳೆಯುತ್ತದೆ, 18 ವ್ಯಾಟ್‌ನಷ್ಟು ಬಿಸಿ ಕೊಡುತ್ತದೆ. ಇಂಡಿಕೇಟರ್ ಬಲ್ಬಿಗಿಂತ ಸ್ವಲ್ಪ ಕಡಿಮೆ. ಇಷ್ಟು ಬಿಸಿ ಮಂಜು ಕೂರದಂತೆ ತಡೆಯುತ್ತದೆ, ಕೂತ ಹನಿಗಳನ್ನು ನಿಧಾನವಾಗಿ ಒಣಗಿಸುತ್ತದೆ. ಭಾಗಮಂಡಲದ ಜಡಿಮಳೆಯಲ್ಲಿ ಬೀಳುತ್ತಲೇ ಇರುವ ಹನಿಗಳನ್ನು ಇದು ಓಡಿಸಲಾರದು. ಹೀಟರ್ ಸರಿಯಿದ್ದರೂ ಅಂಥ ಮಳೆಯಲ್ಲಿ ಕನ್ನಡಿ ಮೇಲೆ ಹನಿ ಇದ್ದೇ ಇರುತ್ತದೆ. ಅದನ್ನು ದೋಷ ಅಂದುಕೊಳ್ಳಬೇಡಿ.

ಬ್ಯಾಟರಿಯಿಂದ ಕನ್ನಡಿವರೆಗೆ ಕರೆಂಟ್ ಬರುವ ದಾರಿ ಹೀಗೆ: ಫ್ಯೂಸ್, ರಿಲೇ (ಸಣ್ಣ ಕರೆಂಟಿನ ಅಪ್ಪಣೆಯಿಂದ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್) ಅಥವಾ ಕಂಟ್ರೋಲ್ ಯೂನಿಟ್, ಬಾಗಿಲಿನ ಹಿಂಜಿನ ರಬ್ಬರ್ ಕೊಳವೆ, ಬಾಗಿಲಿನೊಳಗಿನ ಕನೆಕ್ಟರ್, ಕೊನೆಗೆ ಕನ್ನಡಿ. ಒತ್ತುವ ಗುಂಡಿ ಸಾಮಾನ್ಯವಾಗಿ ಈ ರಿಲೇಗೆ ಅಪ್ಪಣೆ ಕೊಡುತ್ತದೆ ಅಷ್ಟೇ. ಹಳೆ ಕಾರಿನಲ್ಲಿ ನೀರು ಸೇರುವ ಜಾಗ ಮತ್ತು ಪದೇ ಪದೇ ಮಡಚುವ ಜಾಗ, ಇವೆರಡೇ ಮೊದಲು ಸೋಲುತ್ತವೆ.

ಬಿಚ್ಚುವ ಮೊದಲು ಹತ್ತು ನಿಮಿಷ

ಮೊದಲು ಹೀಟರ್ ನಿಜವಾಗಿ ಆನ್ ಆಗುತ್ತಿದೆಯಾ ನೋಡಿ. ಕೆಲವು ಕಾರುಗಳಲ್ಲಿ ಹಿಂದಿನ ಗಾಜಿನ ಡಿಫಾಗರ್ ಗುಂಡಿ ಒತ್ತಿದರೆ ಕನ್ನಡಿಯೂ ಬಿಸಿಯಾಗುತ್ತದೆ. ಕೆಲವದರಲ್ಲಿ ಕನ್ನಡಿ ತಿರುಗಿಸುವ ನಾಬ್‌ನಲ್ಲೇ ಅದಕ್ಕೊಂದು ಗುರುತು ಇರುತ್ತದೆ, ನಾಬ್ ಅಲ್ಲಿಗೆ ತಿರುಗಿಸಬೇಕು. ಬಹಳ ಕಾರುಗಳಲ್ಲಿ ಎಂಜಿನ್ ಓಡುತ್ತಿರಲೇಬೇಕು. ಟೈಮರ್ ಇದ್ದರೆ ಹತ್ತು ಹದಿನೈದು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಪರೀಕ್ಷೆಯ ಮಧ್ಯೆ ಆಫ್ ಆದರೆ ಲೆಕ್ಕವೆಲ್ಲ ತಪ್ಪುತ್ತದೆ, ಆಗಾಗ ಗುಂಡಿಯ ದೀಪ ನೋಡಿಕೊಳ್ಳಿ.

ಇನ್ನೊಂದು ವಿಷಯ. ಕೆಲವು ಯುರೋಪಿಯನ್ ಕಾರುಗಳಲ್ಲಿ ಹೊರಗಿನ ತಾಪಮಾನ ಸುಮಾರು 20 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಕನ್ನಡಿ ಬಿಸಿಯಾಗುತ್ತದೆ. ಅಂಥ ಕಾರನ್ನು ಕುಶಾಲನಗರದ ಮಧ್ಯಾಹ್ನದ ಬಿಸಿಲಲ್ಲಿ ಪರೀಕ್ಷಿಸಿದರೆ ಹೀಟರ್ ಸತ್ತಿದೆ ಅಂತಲೇ ಅನಿಸುತ್ತದೆ. ಬೆಳಗಿನ ಜಾವ ಪರೀಕ್ಷಿಸಿ. ಕಾರಿನ ಕೈಪಿಡಿ ಇದ್ದರೆ ಈ ಒಂದು ಪುಟ ಓದಿಕೊಳ್ಳಿ.

ಈಗ ಎಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಹಾಕಿ, ಐದು ನಿಮಿಷ ಬಿಟ್ಟು ಎರಡೂ ಕನ್ನಡಿಯನ್ನು ಅಂಗೈಯಿಂದ ಮುಟ್ಟಿ. ಆಮೇಲೆ ಗಾಜಿನ ಮೇಲೆ ಬಾಯಿಂದ ಹಬೆ ಊದಿ. ಬೆಚ್ಚಗಿರುವ ಕಡೆ ಹಬೆ ಬೇಗ ಮಾಯವಾಗುತ್ತದೆ, ತಣ್ಣಗಿರುವ ಕಡೆ ಉಳಿಯುತ್ತದೆ. ಗಾಜಿನ ಒಂದು ಭಾಗದಲ್ಲಿ ಮಾತ್ರ ಹಬೆ ಉಳಿದರೆ ಪ್ಯಾಡ್‌ನ ಕೆಲವು ಗೆರೆ ಮಾತ್ರ ತುಂಡಾಗಿವೆ ಅಂತ ಅರ್ಥ. ಆಗ ವೈರಿಂಗ್ ಹುಡುಕುವ ಕೆಲಸವೇ ಇಲ್ಲ, ನೇರ ಪ್ಯಾಡ್ ವಿಷಯಕ್ಕೆ ಹೋಗಬಹುದು.

ಎರಡೂ ಕನ್ನಡಿ ತಣ್ಣಗಿವೆ, ಹಿಂದಿನ ಡಿಫಾಗರ್ ಕೂಡ ಕೆಲಸ ಮಾಡುತ್ತಿಲ್ಲ ಅಂದರೆ ಗುಂಡಿ, ರಿಲೇ ಅಥವಾ ಮುಖ್ಯ ಫ್ಯೂಸ್ ನೋಡಿ. ಡಿಫಾಗರ್ ಸರಿಯಿದ್ದು ಎರಡೂ ಕನ್ನಡಿ ತಣ್ಣಗಿದ್ದರೆ ಕನ್ನಡಿಗೆ ಬೇರೆಯೇ ಚಿಕ್ಕ ಫ್ಯೂಸ್ ಇದೆಯಾ ಹುಡುಕಿ. ಒಂದೇ ಕನ್ನಡಿ ತಣ್ಣಗಿದ್ದರೆ ಫ್ಯೂಸ್ ಪೆಟ್ಟಿಗೆಗೆ ಆಮೇಲೆ ಬನ್ನಿ. ತೊಂದರೆ ಹೆಚ್ಚಾಗಿ ಆ ಬಾಗಿಲಿನಲ್ಲೇ ಇರುತ್ತದೆ.

ಫ್ಯೂಸ್, ರಿಲೇ

ಇದು ಬೇಗ ಮುಗಿಯುವ ಕೆಲಸ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ. ಮೀಟರಿನ ಕಪ್ಪು ಕಡ್ಡಿಯನ್ನು ಕಾರಿನ ಬಾಡಿಯ ಬರಿ ಲೋಹಕ್ಕೆ ತಾಗಿಸಿ, ಕೆಂಪು ಕಡ್ಡಿಯಿಂದ ಎರಡೂ ಚುಕ್ಕೆ ಮುಟ್ಟಿ. ಎರಡರಲ್ಲೂ ಒಂದೇ ವೋಲ್ಟೇಜ್ ಬಂದರೆ ಫ್ಯೂಸ್ ಚೆನ್ನಾಗಿದೆ. ಒಂದರಲ್ಲಿ ಮಾತ್ರ ಬಂದರೆ ಸುಟ್ಟಿದೆ. ಅದೇ ಆಂಪಿಯರಿನ ಫ್ಯೂಸನ್ನೇ ಹಾಕಿ. ಮತ್ತೆ ಸುಟ್ಟರೆ ದೊಡ್ಡದು ಹಾಕಿ ನೋಡೋಣ ಅಂತ ಖಂಡಿತ ಹೋಗಬೇಡಿ. ಎಲ್ಲೋ ವೈರ್ ಬೆತ್ತಲಾಗಿ ಬಾಡಿಗೆ ತಾಗುತ್ತಿದೆ ಅಂತ ಅದು ಹೇಳುತ್ತಿದೆ. ಹೆಚ್ಚಾಗಿ ಹಿಂಜಿನ ಕೊಳವೆಯೊಳಗೇ.

ರಿಲೇಗೆ, ಅದೇ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ.

ಗ್ಲಾಸ್ ಹೊರಗೆ ತೆಗೆಯುವುದು

ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಜಿನ ಮೇಲೆ ಅಗಲವಾದ ಟೇಪನ್ನು ಅಡ್ಡಡ್ಡ ಅಂಟಿಸಿ. ಅಕಸ್ಮಾತ್ ಒಡೆದರೂ ಚೂರು ಚೆಲ್ಲುವುದಿಲ್ಲ. ಸೀಟಿನ ಮೇಲಿನ ಒಂದು ದಪ್ಪ ಟವಲ್ ತಂದು ಕನ್ನಡಿಯ ಕೆಳಗೆ ಹಿಡಿಯಲು ಒಬ್ಬರನ್ನು ನಿಲ್ಲಿಸಿಕೊಳ್ಳಿ.

ಬಹುತೇಕ ಕಾರುಗಳಲ್ಲಿ ಗಾಜು ಪ್ಲಾಸ್ಟಿಕ್ ಕ್ಲಿಪ್ಪಿನ ಮೇಲೆ ಕೂತಿರುತ್ತದೆ. ಹದಿನೈದು ಇಪ್ಪತ್ತು ವರ್ಷದ ಕ್ಲಿಪ್ ಚಳಿಯಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ಹೇರ್ ಡ್ರೈಯರಿನಿಂದ ಗಾಜಿನ ಸುತ್ತ ಎರಡು ಮೂರು ನಿಮಿಷ ಬೆಚ್ಚಗೆ ಮಾಡಿ. ಡ್ರೈಯರ್ ಇಲ್ಲದಿದ್ದರೆ ಉಗುರುಬೆಚ್ಚಗಿನ ನೀರು ಸಾಕು. ಕುದಿಯುವ ನೀರು ಬೇಡ, ಗಾಜು ಸೀಳುತ್ತದೆ. ಆಮೇಲೆ ಗಾಜಿನ ಒಂದು ಅಂಚನ್ನು ಒಳಕ್ಕೆ ಒತ್ತಿ. ಎದುರಿನ ಅಂಚು ಹೊರಗೆ ಬರುತ್ತದೆ. ಆ ಸಂದಿಯಲ್ಲಿ ಪ್ಲಾಸ್ಟಿಕ್ ಟ್ರಿಮ್ ಟೂಲ್ ತೂರಿಸಿ, ಗಾಜನ್ನಲ್ಲ, ಹಿಂದಿನ ತಟ್ಟೆಯನ್ನು ಹಿಡಿದು ನಿಧಾನವಾಗಿ ಎತ್ತಿ. ಬಟ್ಟೆ ಸುತ್ತಿದ ಮರದ ಸೌಟಿನ ಹಿಡಿಯೂ ಆಗುತ್ತದೆ. ಬರಿಯ ಸ್ಕ್ರೂಡ್ರೈವರ್ ಬೇಡ. ಕೆಲವು ಹಳೆ ಮಾಡೆಲ್‌ಗಳಲ್ಲಿ ಹಿಂದೆ ಒಂದು ಲಾಕ್ ರಿಂಗ್ ಇರುತ್ತದೆ. ಕನ್ನಡಿ ಗೂಡಿನ ಕೆಳಗಿನ ಸಣ್ಣ ತೂತಿನಿಂದ ಅದನ್ನು ಸರಿಸಬೇಕು. ಎಷ್ಟೇ ಎತ್ತಿದರೂ ಬರುತ್ತಿಲ್ಲ ಅಂದರೆ ಬಲ ಹಾಕುವ ಮೊದಲು ಆ ತೂತು ಇದೆಯಾ ನೋಡಿ.

ಕ್ಲಿಪ್ ಬಿಟ್ಟ ಕೂಡಲೇ ಗಾಜನ್ನು ಎಳೆಯಬೇಡಿ. ಹಿಂದೆ ವೈರ್ ಇದೆ. ಟರ್ಮಿನಲ್‌ಗಳನ್ನು ಇಕ್ಕಳದಲ್ಲಿ ಹಿಡಿದು, ನೇರವಾಗಿ, ಅಲುಗಾಡಿಸದೆ ತೆಗೆಯಿರಿ. ಪ್ಯಾಡ್ ಕಡೆಯ ಟರ್ಮಿನಲ್ ಕಿತ್ತು ಬಂದರೆ ಒಳ್ಳೆಯ ಪ್ಯಾಡೂ ಕೆಡುತ್ತದೆ. ಎರಡಕ್ಕಿಂತ ಜಾಸ್ತಿ ವೈರ್ ಇದ್ದರೆ ನಿಮ್ಮದು ರಾತ್ರಿ ತಾನೇ ಮಬ್ಬಾಗುವ ಕನ್ನಡಿ ಇರಬಹುದು. ಯಾವ ವೈರ್ ಎಲ್ಲಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಅಂಥ ಗಾಜು ಒಡೆದರೆ ಒಳಗಿನ ದ್ರವವನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಮೀಟರ್ ಹೇಳುವ ಅರ್ಧ ಸತ್ಯ

ಮೊದಲು ಪ್ಯಾಡ್. ಮೀಟರನ್ನು ಓಮ್‌ಗೆ ತಿರುಗಿಸಿ. ಎರಡು ಕಡ್ಡಿಯನ್ನೂ ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೆ ನೋಡಿ, ಅಷ್ಟನ್ನು ಲೆಕ್ಕದಿಂದ ಕಳೆಯಿರಿ. ಈಗ ಪ್ಯಾಡ್‌ನ ಎರಡು ಟರ್ಮಿನಲ್ ಮೇಲೆ ಇಡಿ. 5ರಿಂದ 20 ಓಮ್ ಒಳಗೆ ಬಂದರೆ ಪ್ಯಾಡ್ ಬದುಕಿದೆ ಅನ್ನಬಹುದು. ಇನ್ನೊಂದು ಬದಿಯ ಕನ್ನಡಿ ಬೆಚ್ಚಗಾಗುತ್ತಿದ್ದರೆ ಅದರ ಲೆಕ್ಕ ತೆಗೆದು ಹೋಲಿಸುವುದು ಇನ್ನೂ ಒಳ್ಳೆಯದು. ಮೀಟರ್ ಏನೂ ತೋರಿಸದೆ ಹಾಗೇ ಉಳಿದರೆ ಪ್ಯಾಡ್ ತುಂಡಾಗಿದೆ.

ಅನುಮಾನ ಇದ್ದರೆ ನೇರವಾಗಿ ಬ್ಯಾಟರಿಯಿಂದ ಕೊಟ್ಟು ನೋಡಿ. ಮಧ್ಯದಲ್ಲಿ 5 ಆಂಪಿಯರ್ ಫ್ಯೂಸ್ ಇರುವ ಎರಡು ವೈರ್ ಮಾಡಿಕೊಳ್ಳಿ. ಒಂದೆರಡು ನಿಮಿಷದಲ್ಲಿ ಗಾಜು ಪೂರ್ತಿ ಒಂದೇ ಸಮ ಬೆಚ್ಚಗಾಗಬೇಕು. ಆಗ ಪ್ಯಾಡ್ ಸರಿಯಿದೆ, ದೋಷ ದಾರಿಯಲ್ಲಿದೆ.

ಇನ್ನು ದಾರಿ. ಮೀಟರನ್ನು 20 ವೋಲ್ಟ್ ಡಿಸಿಗೆ ಹಾಕಿ, ಎಂಜಿನ್ ಓಡಿಸಿ, ಹೀಟರ್ ಆನ್ ಮಾಡಿ, ಕನ್ನಡಿಗೆ ಬರುವ ಎರಡು ವೈರಿನ ತುದಿಯಲ್ಲಿ ಅಳೆಯಿರಿ. ಏನೂ ಬರದಿದ್ದರೆ ದಾರಿ ಎಲ್ಲೋ ಪೂರ್ತಿ ಕಡಿದಿದೆ. 13 ವೋಲ್ಟ್ ಬಂದರೆ? ನನ್ನ ಕಾರಿನಲ್ಲಿ ಎಡವಿದ್ದು ಇಲ್ಲೇ. 13 ಬಂತು, ಹಾಗಾಗಿ ವೈರ್ ಸರಿ, ಗ್ಲಾಸ್ ಹೋಗಿದೆ ಅಂದುಬಿಟ್ಟರು.

ತೋಟದಲ್ಲಿ ಸ್ಪ್ರಿಂಕ್ಲರ್ ಓಡಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪೈಪಿನ ಮಧ್ಯೆ ಕಸ ಸಿಕ್ಕಿಕೊಂಡಿದೆ ಅಂದುಕೊಳ್ಳಿ. ಜೆಟ್ ಮುಚ್ಚಿದ್ದಾಗ ಕೊನೆಯಲ್ಲಿ ಪ್ರೆಷರ್ ಗೇಜ್ ಇಟ್ಟರೆ ಪೂರ್ತಿ ಒತ್ತಡ ತೋರಿಸುತ್ತದೆ, ಯಾಕೆಂದರೆ ನೀರು ಹರಿಯುತ್ತಲೇ ಇಲ್ಲ. ಜೆಟ್ ತೆರೆದ ಕೂಡಲೇ ಒತ್ತಡ ಕುಸಿಯುತ್ತದೆ, ನೀರು ಗಿಡದ ಬುಡ ದಾಟುವುದಿಲ್ಲ. ಮೀಟರ್ ಕೂಡ ಹಾಗೇ. ಅದು ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ತುಂಡಾದ ವೈರಿನ ತುದಿಗಳು ಕಿಲುಬು ಹಿಡಿದು ಸುಮ್ನೆ ತಾಗಿಕೊಂಡಿದ್ದರೂ ಅದಕ್ಕೆ 13 ವೋಲ್ಟ್ ಕಾಣುತ್ತದೆ. ಪ್ಯಾಡ್ ಒಂದೂ ಚಿಲ್ಲರೆ ಆಂಪಿಯರ್ ಎಳೆಯಲು ಹೋದಾಗ ಅಲ್ಲಿ ಏನೂ ಇರುವುದಿಲ್ಲ.

ಹಾಗಾಗಿ ಭಾರ ಕೊಟ್ಟು ಅಳೆಯಬೇಕು. ಹಳೆ 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ. ಅದನ್ನು ಕನ್ನಡಿ ವೈರಿನ ತುದಿಗೆ ಸಿಕ್ಕಿಸಿ. ಪ್ಯಾಡ್ ಎಳೆಯುವಷ್ಟೇ ಕರೆಂಟನ್ನು ಹೆಚ್ಚುಕಮ್ಮಿ ಅದೂ ಎಳೆಯುತ್ತದೆ. ಪ್ರಖರವಾಗಿ ಉರಿದರೆ ದಾರಿ ನಿಜವಾಗಿಯೂ ಸರಿ. ಮಂಕಾಗಿ ಉರಿದರೆ ಅಥವಾ ಉರಿಯದಿದ್ದರೆ ದಾರಿಯಲ್ಲೇ ದೋಷ. ಬಲ್ಬ್ ಹಾಗೇ ಇರಲಿ, ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಿ, ಹಿಂಜಿನ ಹತ್ತಿರದ ರಬ್ಬರ್ ಕೊಳವೆಯನ್ನು ಹಿಸುಕಿ ಅಲುಗಾಡಿಸಿ. ಬಲ್ಬ್ ಮಿನುಗಿದರೆ ಜಾಗ ಸಿಕ್ಕಿತು. ನನಗೆ ಐದು ನಿಮಿಷದಲ್ಲಿ ಸಿಕ್ಕಿತು.

ಪಾಸಿಟಿವ್ ಕಡೆಯೋ ಅರ್ಥ್ ಕಡೆಯೋ ಅಂತ ತಿಳಿಯಲು, ಬಲ್ಬ್ ಸಿಕ್ಕಿಸಿದ ಹಾಗೇ ಬ್ಯಾಟರಿಯ ಪಾಸಿಟಿವ್‌ನಿಂದ ಬಲ್ಬಿನ ಪಾಸಿಟಿವ್ ತುದಿಗೆ ಅಳೆಯಿರಿ. ಮೀಟರಿನ ಕಡ್ಡಿಗೆ ಉದ್ದದ ವೈರ್ ಜೋಡಿಸಿಕೊಳ್ಳಬೇಕಾಗುತ್ತದೆ. ಹಾಗೇ ಬ್ಯಾಟರಿ ನೆಗೆಟಿವ್‌ನಿಂದ ಬಲ್ಬಿನ ಅರ್ಥ್ ತುದಿಗೆ. ಅರ್ಧ ವೋಲ್ಟ್ ಸುತ್ತಮುತ್ತ ಇದ್ದರೆ ಪರವಾಗಿಲ್ಲ. ಎರಡು, ಮೂರು ಅಥವಾ ಅದಕ್ಕೂ ಜಾಸ್ತಿ ತೋರಿಸಿದ ಕಡೆಯೇ ದೋಷ ಇರುವುದು. ಅರ್ಥ್ ವೈರ್ ಜರ್ಮನ್ ಕಾರುಗಳಲ್ಲಿ ಕಂದು, ಜಪಾನ್ ಮೂಲದ ಕಾರುಗಳಲ್ಲಿ ಸಾಮಾನ್ಯವಾಗಿ ಕಪ್ಪು.

ಹಿಂಜಿನ ಕೊಳವೆಯೊಳಗಿನ ವೈರ್

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲಸ ಶುರು ಮಾಡಿ. ಹಳದಿ ಕವಚದ ವೈರ್ ಅಥವಾ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಇಡಬೇಡಿ, ಬಿಚ್ಚಬೇಡಿ.

ರಬ್ಬರ್ ಕೊಳವೆಯನ್ನು ಬಾಡಿ ಕಡೆಯಿಂದ ಬಿಡಿಸಿ ಹಿಂದಕ್ಕೆ ಸರಿಸಿ. ಕೆಲವದರಲ್ಲಿ ಜಾಗ ಸಾಲದೆ ಬಾಗಿಲಿನ ಒಳಹಲಗೆಯನ್ನೂ ತೆಗೆಯಬೇಕಾಗುತ್ತದೆ. ಒಂದೊಂದೇ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಹೊರಗಿನ ಪ್ಲಾಸ್ಟಿಕ್ ಸರಿಯಿದ್ದು ಒಳಗಿನ ತಾಮ್ರ ತುಂಡಾಗಿದ್ದರೆ ಆ ಜಾಗ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಒಂದು ತುಂಡಾಗಿದ್ದರೆ ಪಕ್ಕದವೂ ಆ ದಾರಿಯಲ್ಲೇ ಇರುತ್ತವೆ, ಎಲ್ಲವನ್ನೂ ನೋಡಿ. ಪವರ್ ವಿಂಡೋ ಆಗಾಗ ಸಿಕ್ಕಿಕೊಳ್ಳುತ್ತಿದ್ದರೆ, ಸ್ಪೀಕರ್ ಕಟ್ ಆಗುತ್ತಿದ್ದರೆ ಅದರ ಕಾರಣವೂ ಇಲ್ಲೇ ಸಿಗಬಹುದು.

ತುಂಡಾದ ಎರಡು ತುದಿಯನ್ನೇ ಎಳೆದು ಸೇರಿಸಬೇಡಿ. ವೈರ್ ಬಿಗಿಯಾಗಿ ಮತ್ತೆ ತುಂಡಾಗುತ್ತದೆ. ಎರಡೂ ಕಡೆ ತಾಮ್ರ ಹೊಳೆಯುವವರೆಗೆ ಕತ್ತರಿಸಿ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಮಧ್ಯಕ್ಕೆ ಸಣ್ಣ ಎಳೆಗಳು ಜಾಸ್ತಿ ಇರುವ, ಚೆನ್ನಾಗಿ ಬಾಗುವ 0.75 ಅಥವಾ 1 ಚದರ ಮಿಲಿಮೀಟರಿನ ವೈರ್ ಸೇರಿಸಿ. ಮನೆ ವೈರಿಂಗಿನ ಒಂಟಿ ಕಂಬಿಯ ವೈರ್ ಇಲ್ಲಿ ಬೇಡವೇ ಬೇಡ. ಹೊಸ ತುಂಡು ಸಾಕಷ್ಟು ಉದ್ದ ಇರಲಿ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತದೆ, ಅದು ಬಾಗುವ ಕಡೆ ಬರಬಾರದು. ಒಂದು ಬೆಸುಗೆ ಬಾಡಿಯೊಳಗೆ, ಇನ್ನೊಂದು ಬಾಗಿಲೊಳಗೆ ಬರುವ ಹಾಗೆ ನೋಡಿಕೊಳ್ಳಿ. ಎರಡು ಮೂರು ವೈರ್ ಇದ್ದರೆ ಬೆಸುಗೆಗಳನ್ನು ಹಿಂದೆ ಮುಂದೆ ಮಾಡಿ.

ಬೆಸುಗೆಯ ಮೇಲೆ, ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಇನ್ಸುಲೇಷನ್ ಟೇಪ್ ನಮ್ಮ ಕಡೆಯ ತೇವಕ್ಕೆ ಒಂದೇ ಮಳೆಗಾಲದಲ್ಲಿ ಜಾರುತ್ತದೆ. ಅಂಟು ಉಳಿಯುತ್ತದೆ, ಟೇಪ್ ಇರುವುದಿಲ್ಲ.

ಬಾಗಿಲಿನ ಒಳಹಲಗೆ ತೆಗೆದಿದ್ದರೆ ಅದರ ಹಿಂದೆ ಪ್ಲಾಸ್ಟಿಕ್ ಅಥವಾ ಫೋಮ್ ಹಾಳೆ ಕಾಣುತ್ತದೆ. ಅದನ್ನು ಹರಿಯದೆ ಬಿಡಿಸಿ, ಕೆಲಸ ಮುಗಿದ ಮೇಲೆ ಸುತ್ತ ಬ್ಯುಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಹಾಕಿ ಮತ್ತೆ ಅಂಟಿಸಲೇಬೇಕು. ಕಿಟಕಿ ಗಾಜಿನ ಮೇಲಿಂದ ಇಳಿಯುವ ನೀರು ಬಾಗಿಲೊಳಗೇ ಹರಿದು ಕೆಳಗಿನ ತೂತಿನಿಂದ ಹೋಗುತ್ತದೆ. ಆ ಹಾಳೆ ಇಲ್ಲದಿದ್ದರೆ ನೀರು ಕಾರಿನೊಳಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕಾರ್ಪೆಟ್ಟಿನ ವಾಸನೆಯಲ್ಲಿ ಓಡಾಡಬೇಕಾಗುತ್ತದೆ. ಬಾಗಿಲಿನ ಕೆಳಗಿನ ತೂತುಗಳಲ್ಲಿ ಕೆಂಪು ಮಣ್ಣು, ಎಲೆ ಕಟ್ಟಿದ್ದರೆ ಈಗಲೇ ಬಿಡಿಸಿ.

ಕಿಲುಬು ಹಿಡಿದ ಟರ್ಮಿನಲ್

ಗ್ಲಾಸ್ ಹಿಂದಿನ ಟರ್ಮಿನಲ್ ಹಸಿರಾಗಿದ್ದರೆ ಅರ್ಧ ಕೆಲಸ ಅಲ್ಲೇ ಇದೆ. 400 ನಂಬರಿನ ಸ್ಯಾಂಡ್ ಪೇಪರಿನ ಸಣ್ಣ ಚೂರಿನಿಂದ ಹಗುರವಾಗಿ ಉಜ್ಜಿ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಲು ಬಿಡಿ. ವೈರ್ ಕಡೆಯ ಟರ್ಮಿನಲ್ ಸಡಿಲವಾಗಿದ್ದರೆ ಇಕ್ಕಳದಲ್ಲಿ ಸ್ವಲ್ಪ ಅಮುಕಿ, ತೀರಾ ತಿಂದುಹೋಗಿದ್ದರೆ ಕತ್ತರಿಸಿ ಹೊಸದು ಕ್ರಿಂಪ್ ಮಾಡಿ, ಅಂದರೆ ವೈರಿನ ಮೇಲೆ ಅಮುಕಿ ಕೂರಿಸಿ. ಸಿಕ್ಕಿಸಿದ ಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಅದು ನೀರು ಸೇರದಂತೆ ಕಾಯುತ್ತದೆ.

ಪ್ಯಾಡ್ ಕಡೆಯ ಟರ್ಮಿನಲ್ ಕಿತ್ತು ಬಂದಿದ್ದರೆ ಬೆಸುಗೆ ಸುಲಭವಲ್ಲ, ಹಾಳೆ ಕರಗುತ್ತದೆ. ಕರೆಂಟ್ ಹರಿಯುವ ಬೆಳ್ಳಿ ಎಪಾಕ್ಸಿ ಬಳಸಿ ಕೂರಿಸಬಹುದು. ಇದು ಎಷ್ಟು ದಿನ ಹಿಡಿಯುತ್ತದೆ ಎನ್ನುವುದು ಅಂಟಿಸುವ ಮೊದಲು ಎಷ್ಟು ಚೆನ್ನಾಗಿ ಶುಚಿ ಮಾಡಿದಿರಿ ಅನ್ನುವುದರ ಮೇಲಿದೆ.

ಪ್ಯಾಡೇ ಹೋಗಿದ್ದರೆ

ಅಂಟಿಸುವ 12 ವೋಲ್ಟಿನ ಪ್ಯಾಡ್ ಬೇರೆಯಾಗಿ ಸಿಗುತ್ತದೆ. ಆದರೆ ಹಳೆ ಗಾಜನ್ನು ತಟ್ಟೆಯಿಂದ ಬಿಡಿಸುವುದು ಕಷ್ಟ. ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಮೀನಿನ ಗಾಳದ ದಾರವನ್ನು ಗರಗಸದ ಹಾಗೆ ಆಡಿಸಿ ಬಿಡಿಸಬೇಕು. ಗಾಜು ಒಡೆಯುವ ಸಾಧ್ಯತೆ ಜಾಸ್ತಿ. ನನ್ನ ಸಲಹೆ, ಪ್ಯಾಡ್ ಸಮೇತ ಇರುವ ಗ್ಲಾಸನ್ನೇ ತನ್ನಿ. ಹಳೆ ಮಾಡೆಲ್ಲಿಗೆ ಹೊಸದು ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ವಿಚಾರಿಸಿ. ಹಿಂದಿನ ತಟ್ಟೆಯ ನಂಬರ್, ಎಡವೋ ಬಲವೋ, ಗಾಜು ಉಬ್ಬಿದ್ದೋ ಸಪಾಟೋ, ಇಷ್ಟನ್ನೂ ಹೊಂದಿಸಿಯೇ ಕೊಳ್ಳಿ. ಉಬ್ಬಿನ ಲೆಕ್ಕ ಬೇರೆಯಾದರೆ ಹಿಂದಿನ ಗಾಡಿ ಎಷ್ಟು ದೂರದಲ್ಲಿದೆ ಅನ್ನುವ ಅಂದಾಜು ತಪ್ಪುತ್ತದೆ. ಘಾಟಿಯಲ್ಲಿ ಅದು ಸಣ್ಣ ವಿಷಯ ಅಲ್ಲ, ಅಲ್ವಾ? ಗುಜರಿಗೆ ಹೋಗುವಾಗ ಮೀಟರ್ ಜೇಬಿನಲ್ಲಿರಲಿ. ದುಡ್ಡು ಕೊಡುವ ಮೊದಲು ಅಲ್ಲೇ ಓಮ್ ಅಳೆಯಿರಿ.

ಮತ್ತೆ ಕೂರಿಸುವಾಗ

ಹೊಸ ಗ್ಲಾಸೋ ಹಳೆಯದೋ, ಕೂರಿಸುವ ಮೊದಲು ವೈರ್ ಸಿಕ್ಕಿಸಿ, ಕೈಯಲ್ಲಿ ಹಿಡಿದುಕೊಂಡೇ ಐದು ನಿಮಿಷ ಹೀಟರ್ ಓಡಿಸಿ ನೋಡಿ. ಸರಿಯಿದ್ದರೆ ಪರ್ಮನೆಂಟ್ ಮಾರ್ಕರಿನಿಂದ ತಟ್ಟೆಯ ಹಿಂದೆ ಓಮ್ ಲೆಕ್ಕ ಮತ್ತು ದಿನಾಂಕ ಬರೆದಿಡಿ. ಮುಂದೆ ಮತ್ತೆ ಬಿಚ್ಚಿದಾಗ ಹೋಲಿಸಲು ಬೇರೆ ಏನೂ ಬೇಕಾಗುವುದಿಲ್ಲ.

ವೈರ್ ಮೋಟರಿನ ಕೈಗಳ ಮಧ್ಯೆ ಸಿಕ್ಕಿಕೊಳ್ಳದಂತೆ ಪಕ್ಕಕ್ಕೆ ಸರಿಸಿ. ಕ್ಲಿಪ್‌ಗಳನ್ನು ನೇರಕ್ಕೆ ಇಟ್ಟು, ಮಡಚಿದ ಬಟ್ಟೆಯ ಮೇಲೆ ಅಂಗೈ ಇಟ್ಟು, ಗಾಜಿನ ಮಧ್ಯದಲ್ಲಿ ಮಾತ್ರ ಒತ್ತಿ. ಅಂಚಿನಲ್ಲಿ ಒತ್ತಿದರೆ ಒಡೆಯುತ್ತದೆ. ಟಕ್ ಅಂತ ಶಬ್ದ ಬರುವವರೆಗೆ ಒತ್ತಿ, ಆಮೇಲೆ ನಾಬ್‌ನಿಂದ ನಾಲ್ಕೂ ದಿಕ್ಕಿಗೆ ಪೂರ್ತಿ ತಿರುಗಿಸಿ ನೋಡಿ. ಕೊನೆಗೆ ಬಾಗಿಲನ್ನು ಇಪ್ಪತ್ತು ಮೂವತ್ತು ಸಲ ತೆರೆದು ಮುಚ್ಚಿ, ಮತ್ತೆ ಗಾಜು ಮುಟ್ಟಿ ನೋಡಿ. ಈ ಕೆಲಸಕ್ಕೆ ಮೇ ತಿಂಗಳ ಒಂದು ಭಾನುವಾರ ಒಳ್ಳೆಯದು. ಕಣ ಒಣಗಿರುತ್ತದೆ, ಬಿಚ್ಚಿದ ಬಾಗಿಲಿಗೆ ಮಳೆ ಬೀಳುವ ಭಯ ಕಡಿಮೆ.